ಹಂಚಿನ ಶೆಡ್ಡಿನಲ್ಲಿ ಆರಿದ ಕಂಪ್ಯೂಟರು

ಹೋದ ತಿಂಗಳು ಲೋಂಡಾದಲ್ಲಿ ನೆಂಟರ ಮನೆಯ ಬಸುರಿ ಸೊಸೆಯ ಕುಬಸದ ಕಾರ್ಯ ಮುಗಿಸಿಕೊಂಡು ರೈಲಿನಲ್ಲಿ ಬೆಳಗಾವಿಗೆ ಬರುತ್ತಿದ್ದೆವು. ಖಾನಾಪುರದಲ್ಲಿ ಗಾಡಿ ನಿಂತಿತು. ಆಗತಾನೆ ಒಂದು ಮಳೆ ಹೊಡೆದು ಹೋಗಿತ್ತು. ಪಕ್ಕದಲ್ಲಿ ನಮ್ಮ ಯಜಮಾನರು ಹೋಳಿಗೆ ತುಪ್ಪದ ಅಮಲಿಗೆ ಬಾಯಿ ತೆರೆದು ನಿದ್ದೆ ಹೋಗಿದ್ದರು. ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಹಸಿ ಜೇಡಿಮಣ್ಣು ಬೆಂಕಿಯಿಂದ ದೂರದಲ್ಲಿ, ನಿಧಾನಕ್ಕೆ ಬಿಸಿಯಾಗುವಾಗ ಬರುವ ವಾಸನೆ. ಎಲ್ಲೋ ಒಂದು ಹಂಚಿನ ಭಟ್ಟಿ ಇನ್ನೂ ಉರಿಯುತ್ತಿದೆ ಅಂದುಕೊಂಡೆ. ಬೇರೆಯವರಿಗೆ ಈ ವಾಸನೆಯಿಂದ ಹಂಚು ನೆನಪಾಗಬಹುದು, ಮಡಕೆ ನೆನಪಾಗಬಹುದು. ನನಗೆ ನೆನಪಾಗುವುದು ಕಂಪ್ಯೂಟರು. ಹೀಗಂತ ಯಾರಿಗಾದರೂ ಹೇಳಿದರೆ ಇವಳಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ, ಅದಕ್ಕೇ ಬರೆಯಲು ಕೂತಿದ್ದೇನೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಬೆಳಗಾವಿಯ ಹಿಂದವಾಡಿಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಖಾನಾಪುರಕ್ಕೆ ಬಂದ ಮೇಲೆ ಅದು ಮೂರನೇ ಮಳೆಗಾಲ. ಬೆಳಗಾವಿಯ ಮಳೆಯನ್ನೇ ದೊಡ್ಡ ಮಳೆ ಅಂದುಕೊಂಡಿದ್ದ ನನಗೆ ಖಾನಾಪುರ ಚೆನ್ನಾಗಿ ಪಾಠ ಕಲಿಸಿತ್ತು. ಒಮ್ಮೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಉಪ್ಪು ಡಬ್ಬಿಯಲ್ಲೇ ನೀರಾಗುತ್ತದೆ, ಬೆಂಕಿಕಡ್ಡಿ ಹತ್ತುವುದಿಲ್ಲ, ಗಂಡಸರ ಬೆಲ್ಟಿಗೂ ಬೂಷ್ಟು ಬರುತ್ತದೆ. ಬಟ್ಟೆ ಒಣಗಿಸಬೇಕಾದರೆ ಶೆಗಡಿಯಲ್ಲಿ ಕೆಂಡ ಹಾಕಿ, ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಒಂದೊಂದೇ ಬಟ್ಟೆ ಹರವಿ ಕಾಯಬೇಕು. ಊರಿನ ಎಲ್ಲರ ಮೈಯಲ್ಲೂ ಹೊಗೆಯ ವಾಸನೆ ಇರುತ್ತಿತ್ತು, ಆದ್ದರಿಂದ ಯಾರಿಗೂ ನಾಚಿಕೆ ಇರಲಿಲ್ಲ.

ಮನೆಯಲ್ಲಿ ಮೂರೇ ಜನ. ನಾನು, ಇವರು, ನಮ್ಮ ಅತ್ತೆ ಗಂಗವ್ವ. ಇವರ ಹೆಸರು ಈರಣ್ಣ. ಊರಾಚೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಕಾರಕೂನರಾಗಿದ್ದರು. ಸಣ್ಣ ಕಾರ್ಖಾನೆಯ ಕಾರಕೂನ ಅಂದರೆ ಬರೀ ಲೆಕ್ಕ ಬರೆಯುವವನಲ್ಲ. ಲಾರಿ ಬಂದರೆ ಹಂಚು ಎಣಿಸಬೇಕು, ಮೋಟಾರು ನಿಂತರೆ ಫ್ಯೂಜು ಹಾಕಬೇಕು, ಆಳುಗಳ ಜಗಳ ಬಿಡಿಸಬೇಕು, ಸಾವಕಾರರ ಮೊಮ್ಮಗನ ಸೈಕಲ್ ಚೈನೂ ಹಾಕಬೇಕು. ಇವರಿಗೆ ಅದೆಲ್ಲ ಇಷ್ಟವೇ ಇತ್ತು. ಮುಂಜಾನೆ ವಿಭೂತಿ ಹಚ್ಚಿಕೊಂಡು, ಎರಡು ರೊಟ್ಟಿ ತಿಂದು, ಸೈಕಲ್ ಏರಿ ಹೊರಟರೆಂದರೆ ಯಾವುದೋ ಸೀಮೆಯ ದೇಸಾಯರ ಠೀವಿ.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಸಾವಕಾರರು ಇವರನ್ನು ಕರೆದು ಕೂರಿಸಿಕೊಂಡು ಹೇಳಿದರಂತೆ: "ಈರಣ್ಣ, ಸಿಟ್ಟಾಗಬ್ಯಾಡ. ಮಗಾ ದೀಪಾವಳಿ ಪಾಡ್ಯಕ್ಕ ಕಂಪ್ಯೂಟರ್ ತರತೇನಿ ಅಂತಾನ. ಆಮ್ಯಾಲ ಬಿಲ್ಲು, ಸ್ಟಾಕು, ಪಗಾರ ಎಲ್ಲಾ ಅದರಾಗ. ನೀ ಕಲತ್ರ ಕುರ್ಚಿ ನಿಂದ. ಕಲೀಲಿಲ್ಲಂದ್ರ ಬೆಳಗಾವಿಯಿಂದ ಯಾರನ್ನರ ತರಬೇಕಾಗತೈತಿ. ನನ್ನ ಕೈಯಾಗ ಏನೂ ಇಲ್ಲಪಾ."

ಒಳ್ಳೆಯ ಮನುಷ್ಯರು ಕೆಟ್ಟ ಸುದ್ದಿಯನ್ನು ಹೇಳುವ ರೀತಿ ಅದು. ಬೈಯಲೂ ಬರುವುದಿಲ್ಲ.

ಇವರು ಮರುವಾರವೇ ರಜೆ ಹಾಕಿ ಬೆಳಗಾವಿಗೆ ಹೋದರು. ಕಂಪ್ಯೂಟರ್ ಕಲಿಸುವ ಒಂದು ಕ್ಲಾಸಿಗೆ ಹೆಸರು ಹಚ್ಚಿ ಬರುತ್ತೇನೆ ಎಂದು ಹೋದವರು ಮಧ್ಯಾಹ್ನದ ಗಾಡಿಗೇ ವಾಪಸು ಬಂದರು. ಛತ್ರಿ ಮಡಚಿ ಮೂಲೆಗಿಟ್ಟು ಕೂತರು. ಅತ್ತೆ ಚಹಾ ಕೊಟ್ಟರೆ ಅದು ಆರಿ ಹೋಯಿತು. ಆಮೇಲೆ ನಾನು ಹಿತ್ತಲಿಗೆ ಕರೆದು ಕೇಳಿದಾಗ ಹೇಳಿದರು. ಕ್ಲಾಸಿನ ಬಾಗಿಲಲ್ಲಿ ಕೂತಿದ್ದ ಹುಡುಗಿ ಇವರನ್ನು ನೋಡಿ "ಮಗಳ ಅಡ್ಮಿಷನ್ ಏನ್ರಿ ಅಂಕಲ್?" ಎಂದು ಕೇಳಿದಳಂತೆ. ಇವರು ಹೂಂ ಅಂದು, ಮಗಳನ್ನು ಕರಕೊಂಡು ಬರತೇನಿ ಅಂತ ಹೇಳಿ, ಮೆಟ್ಟಿಲು ಇಳಿದು ಬಂದುಬಿಟ್ಟಿದ್ದರು.

ನನಗೆ ನಗು ಬಂತು, ನಕ್ಕೂಬಿಟ್ಟೆ. ಇವರ ಮುಖ ನೋಡಿದ ಮೇಲೆ ನಗು ಅರ್ಧಕ್ಕೇ ನಿಂತಿತು. ಆ ಕೆಲಸ ಬಿಟ್ಟರೆ ಬೇರೆ ಯಾವುದೂ ಗೊತ್ತಿಲ್ಲದ, ಬೇರೆ ಯಾವುದೂ ಬೇಡದ ಮನುಷ್ಯ. ಆ ಕುರ್ಚಿ ಹೋದರೆ ಇವರು ಬದುಕಿರುತ್ತಾರೆ, ಆದರೆ ಇವರಾಗಿ ಇರುವುದಿಲ್ಲ ಅಂತ ನನಗೆ ಆ ಹೊತ್ತಿನಲ್ಲಿ ಸ್ಪಷ್ಟವಾಗಿ ಅನ್ನಿಸಿತು. ಹೆದರಿಕೆಯೂ ಆಯಿತು.

ಮದುವೆಗೆ ಮುಂಚೆ ನಾನು ಬೆಳಗಾವಿಯಲ್ಲಿ ಒಂದು ವರ್ಷದ ಕಂಪ್ಯೂಟರ್ ಕೋರ್ಸು ಮಾಡಿದ್ದೆ. ಅದರ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ನುಸಿಗುಳಿಗೆಯ ಜೊತೆ ಸುಖವಾಗಿತ್ತು. "ನಾ ಕಲಸತೇನ್ರಿ" ಅಂದೆ.

"ಯಾತರ ಮ್ಯಾಲ? ರೊಟ್ಟಿ ಹಂಚಿನ ಮ್ಯಾಲೇನು?" ಅಂದರು.

ಮಾತು ಖರೇನೇ ಇತ್ತು. ಹೊಸ ಕಂಪ್ಯೂಟರು ಕೊಳ್ಳುವುದು ನಮ್ಮ ಪಾಲಿಗೆ ಹೊಸ ಕಾರ್ಖಾನೆ ಕೊಂಡ ಹಾಗೆ. ಆದರೆ ನನಗೆ ಬೆಳಗಾವಿಯ ರವಿವಾರ ಪೇಟೆಯ ಆಚೆಗಿದ್ದ ಒಂದು ಗುಜರಿ ಅಂಗಡಿ ನೆನಪಿತ್ತು. ಆಫೀಸುಗಳು ಹೊಸ ಮಷೀನು ತಂದ ಮೇಲೆ ಹಳೆಯವು ಹರಾಜಾಗಿ ಅಲ್ಲಿಗೆ ಬಂದು ಬೀಳುತ್ತಿದ್ದವು. ನಮ್ಮ ಕೋರ್ಸಿನ ಸರ್ ಒಮ್ಮೆ ನಮ್ಮನ್ನೆಲ್ಲ ಅಲ್ಲಿಗೆ ಕರಕೊಂಡು ಹೋಗಿ, ಕಂಪ್ಯೂಟರಿನ ಹೊಟ್ಟೆಯೊಳಗೆ ಏನೇನಿದೆ ಎಂದು ತೋರಿಸಿದ್ದರು. ಅಂಗಡಿಯ ಚಾಚಾ ಆಗಲೇ ವಯಸ್ಸಾದವರು, ಬಿಳಿ ಗಡ್ಡ, ಕಿವಿ ಸ್ವಲ್ಪ ದೂರ. ಕಂಪ್ಯೂಟರಿನ ಗಂಧ ಗಾಳಿ ಅವರಿಗೆ ಗೊತ್ತಿರಲಿಲ್ಲ. ಕಬ್ಬಿಣ ತೂಗುವ ತಕ್ಕಡಿಯಲ್ಲೇ ಅದನ್ನೂ ತೂಗುತ್ತಿದ್ದರು.

"ಇದು ಚಾಲೂ ಐತೋ ಬಂದ್ ಐತೋ, ನನಗೇನ್ ಗೊತ್ತು ಬೇಟಿ" ಅಂದರು ನಾವು ಮೊದಲ ಸಲ ಹೋದಾಗ. "ಒಯ್ದ್ ನೋಡ್ರಿ. ನಡೀಲಿಲ್ಲಂದ್ರ ವಾಪಸ್ ತಗೊಂಬರ್ರಿ. ಅಷ್ಟ ತೂಕದ್ದು ಬ್ಯಾರೇದ ಒಯ್ರಿ."

ಈ ಒಂದು ಮಾತಿನ ಮೇಲೆ ನಮ್ಮ ಕಂಪ್ಯೂಟರು ನಿಂತಿತು. ಆ ಮಳೆಗಾಲದ ರವಿವಾರಗಳೆಲ್ಲ ಹಾಗೇ ಹೋದವು. ಖಾನಾಪುರದಿಂದ ಬೆಳಗಾವಿಗೆ, ಬೆಳಗಾವಿಯಿಂದ ಖಾನಾಪುರಕ್ಕೆ. ಹೋದ ವಾರ ಒಯ್ದ ಬೋರ್ಡು ಸತ್ತಿದ್ದರೆ ಅದನ್ನು ತಕ್ಕಡಿಯ ಒಂದು ತಟ್ಟೆಗೆ, ಹೊಸದನ್ನು ಇನ್ನೊಂದು ತಟ್ಟೆಗೆ ಹಾಕುವುದು. ತೂಕ ಕಡಿಮೆ ಬಿದ್ದರೆ ಚಾಚಾ ನಾಲ್ಕು ಸ್ಕ್ರೂ, ಒಂದು ವಾಯರು ಎತ್ತಿ ಹಾಕಿ ಸರಿ ಮಾಡುತ್ತಿದ್ದರು. ಕೊಳೆತ ಬದನೆಕಾಯಿ ಬದಲಾಯಿಸಿಕೊಟ್ಟ ಹಾಗೆ ನಗುನಗುತ್ತಾ ಬದಲಾಯಿಸಿಕೊಡುತ್ತಿದ್ದರು. ನಾನು ಇದು ಬೇಕು, ಇದು ಬೇಡ ಎಂದು ಆರಿಸುತ್ತಿದ್ದೆ. ಇವರು ಅದನ್ನು ತಿರುವಿ ಮುರುವಿ ನೋಡಿ, ಯಾವ ಕಾಲು ಸೊಟ್ಟಗಾಗಿದೆ, ಯಾವ ತಂತಿ ಕಡಿದಿದೆ ಎಂದು ಹೇಳುತ್ತಿದ್ದರು.

ಒಂದು ರವಿವಾರ ವಾಪಸು ಬರುವಾಗ ಮಳೆ ಜೋರಿತ್ತು. ಬೋರ್ಡು ಒದ್ದೆಯಾಗಬಾರದೆಂದು ನನ್ನ ಶಾಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಪ್ಯಾಸೆಂಜರ್ ಗಾಡಿ ಹತ್ತಿದೆ. ಒಬ್ಬ ಮುದುಕಿ ಎದ್ದು ಜಾಗ ಬಿಟ್ಟುಕೊಟ್ಟಳು. ಸ್ವಲ್ಪ ಹೊತ್ತು ನೋಡಿ, "ಹಿಂಗ ಮುಚ್ಚಿದ್ರ ಕೂಸಿನ ಉಸರ ಕಟ್ಟತೈತಿ ನನ್ನವ್ವ, ಮಾರಿ ತಗೀ" ಅಂದಳು. ಇವರು ಕಿಟಕಿಯ ಕಡೆ ತಿರುಗಿ ನಗು ತಡೆದುಕೊಂಡರು. ನಾನು ಗಂಭೀರವಾಗಿ ಶಾಲು ಸ್ವಲ್ಪ ಸರಿಸಿದೆ. ಮದುವೆಯಾಗಿ ಮೂರು ವರ್ಷ, ಮಡಿಲು ಇನ್ನೂ ಖಾಲಿ ಇತ್ತು. ಎರಡು ವರ್ಷದ ಮೇಲೆ ಮಗಳು ಹುಟ್ಟಿದಳು, ಅದು ಬೇರೆ ಮಾತು. ಆ ದಿನ ಮಾತ್ರ ಖಾನಾಪುರ ಬರುವ ತನಕ ಆ ಬೋರ್ಡನ್ನು ತೊಡೆಯ ಮೇಲಿಂದ ಇಳಿಸಲು ಮನಸ್ಸಾಗಲಿಲ್ಲ.

ಹೊರಗಿನ ಪೆಟ್ಟಿಗೆ ಸಿಕ್ಕಿದ್ದು ಬೆಳಗಾವಿಯ ಆಚೆಗಿನ ಸಾಂಬ್ರಾದಲ್ಲಿ. ನನ್ನ ಸೋದರಮಾವನ ಪಕ್ಕದ ಮನೆಯವರು ಅದರಲ್ಲಿ ಪಾರಿವಾಳ ಸಾಕಿದ್ದರು. ಮರದ ಗೂಡು ಮಾಡಿಸಿಕೊಡುತ್ತೇವೆ ಎಂದು ಒಪ್ಪಿಸಿ, ಅದನ್ನು ಮಾವನ ಸೈಕಲ್ಲಿಗೆ ಕಟ್ಟಿ ಸ್ಟೇಷನ್ನಿಗೆ ಒಯ್ದು, ರೈಲಿನಲ್ಲಿ ತಂದೆವು. ಒಳಗೆ ಒಂದು ಬೆರಳು ದಪ್ಪದ ಹಿಕ್ಕೆ. ಅತ್ತೆ ಮೂಗಿಗೆ ಸೆರಗು ಹಿಡಿದು "ಹಕ್ಕಿ ಇದ್ದ ಮನ್ಯಾಗ ನಿಮ್ಮ ಮಷೀನ್ ಹೆಂಗ ಇಡತೀರಿ? ಕೊಡ್ರಿಲ್ಲೆ" ಎಂದು ಕಿತ್ತುಕೊಂಡು, ಬಿಸಿನೀರು, ಬೂದಿ, ತೆಂಗಿನ ನಾರು ಹಾಕಿ ಹಿತ್ತಲಲ್ಲಿ ಗಸಗಸ ತಿಕ್ಕಿದರು. ಪೆಟ್ಟಿಗೆ ಫಳಫಳ ಹೊಳೆಯಿತು. ನಾವಿಬ್ಬರೂ ಬಾಯಿ ತುಂಬ ಹೊಗಳಿದೆವು. "ಕಂಪ್ಯೂಟರಿಗೆ ಕಳಾ ಬಂತು ನೋಡ್ರಿ ಅತ್ತಿ ನಿಮ್ಮ ಕೈಯಾಗ" ಅಂತ ನಾನೇ ಅಂದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಆದದ್ದರಲ್ಲಿ ಈ ಹೊಗಳಿಕೆಯ ಪಾಲೂ ಇದೆ.

ಜೋಡಿಸಿದ್ದೆಲ್ಲ ಇವರೇ. ನನಗೆ ಗೊತ್ತಿದ್ದದ್ದು ಪರದೆಯ ಮೇಲಿನ ವ್ಯವಹಾರ. ಒಳಗಿನದು ಹೆಚ್ಚು ಗೊತ್ತಿರಲಿಲ್ಲ. ನಮ್ಮ ಸರ್ ಹೇಳಿದ್ದ ಒಂದೆರಡು ಮಾತು ಮಾತ್ರ ನೆನಪಿದ್ದವು. ಕರೆಂಟಿನ ಎರಡು ಪಿನ್ನು ಸಿಕ್ಕಿಸುವಾಗ ಎರಡರ ಕರಿ ತಂತಿಗಳೂ ನಡುವೆ ಅಕ್ಕಪಕ್ಕ ಬರಬೇಕು, ತಪ್ಪಿದರೆ ಬೋರ್ಡು ಸುಟ್ಟೇ ಹೋಗುತ್ತದೆ. ಮೆಮೊರಿಯ ಪಟ್ಟಿಯ ಹಲ್ಲು ಮಂಕಾಗಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಬೇಕು. ಇವರು ಮಂಡಿಯೂರಿ ಕೂತು, ನಾಲಿಗೆಯನ್ನು ಒಂದು ಕಡೆ ಕಚ್ಚಿಕೊಂಡು, ಒಂದೊಂದೇ ಸ್ಕ್ರೂ ತಿರುಗಿಸುತ್ತಿದ್ದರೆ ನೋಡುತ್ತಾ ಕೂರುತ್ತಿದ್ದೆ. ಮೂರು ವರ್ಷ ಸಂಸಾರ ಮಾಡಿದ್ದರೂ ಗಂಡನನ್ನು ಅಷ್ಟು ಹೊತ್ತು ಕಣ್ಣು ತುಂಬ ನೋಡಿದ್ದು ಆಗಲೇ. ಮಣ್ಣು ಮೆತ್ತಿದ ಆ ದಪ್ಪ ಬೆರಳುಗಳು ಅಷ್ಟು ಹಗುರಾಗಿ ಕೆಲಸ ಮಾಡುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ಪ್ರೀತಿ ಬಂದದ್ದು ಆಗ ಅಂತ ಈಗ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಶ್ರಾವಣದ ಒಂದು ಮುಂಜಾನೆ ಸ್ವಿಚ್ಚು ಹಾಕಿದೆವು. ಒಳಗೆ ಏನೋ ಗುರ್ ಅಂದಿತು. ಒಂದು ಸಣ್ಣ ಕೂಗು ಬಂತು. ಪರದೆಯ ಮೇಲೆ ಅರಿಸಿನ ಬಣ್ಣದ ಅಂಕಿಗಳು ಒಂದರ ಹಿಂದೆ ಒಂದು ಏರತೊಡಗಿದವು. ಅತ್ತೆ ಬಾಗಿಲಲ್ಲಿ ನಿಂತು, "ಏನ ಎಣಸಾಕತ್ತೈತಿ ಅದು?" ಅಂದರು.

"ತನಗ ಎಷ್ಟ ನೆನಪೈತಿ ಅಂತ ಎಣಸಾಕತ್ತೈತಿ ಯವ್ವಾ" ಅಂದರು ಇವರು.

"ಪಾಪ, ವಯಸ್ಸಾಗೈತಿ ಅದಕ್ಕ" ಎಂದು ಅತ್ತೆ ಒಳಗೆ ಹೋಗಿ ಒಂದು ಚಿಟಿಕೆ ಸಕ್ಕರೆ ತಂದು ನಮ್ಮಿಬ್ಬರ ಬಾಯಿಗೂ ಹಾಕಿದರು. ಹಳೆಯ ಸೀರೆಗಳನ್ನು ಕೂಡಿಸಿ ಒಂದು ಪುಟ್ಟ ಕೌದಿಯನ್ನೂ ಹೊಲಿದರು, ಥಂಡಿ ತಾಗದ ಹಾಗೆ ಮಷೀನಿಗೆ ಹೊದಿಸಲು.

ಅಲ್ಲಿಂದ ದಿನಾ ಮುಂಜಾನೆ ಕಾರ್ಖಾನೆಗೆ ಹೋಗುವ ಮೊದಲು ಪಾಠ. ಇವರು ಕೀಲಿಗಳನ್ನು ಹಂಚಿನ ಅಚ್ಚು ಒತ್ತಿದ ಹಾಗೆ ಒತ್ತುತ್ತಿದ್ದರು. ಒಂದು ಅಕ್ಷರ ಒತ್ತಿದರೆ ಎಂಟು ಬೀಳುತ್ತಿದ್ದವು. ನಾನು ಬೈದರೆ ಕಿವಿ ಕೆಂಪಗೆ ಮಾಡಿಕೊಂಡು ಒಳಮನೆಯ ಕಡೆ ನೋಡುತ್ತಿದ್ದರು, ಅವ್ವ ಕೇಳಿಸಿಕೊಂಡಳೇನೋ ಎಂದು. ಹೆಂಡತಿಯಿಂದ ಪಾಠ ಹೇಳಿಸಿಕೊಳ್ಳುವುದೇ ಕಷ್ಟ, ಅದು ತಾಯಿಯ ಎದುರು ಇನ್ನೂ ಕಷ್ಟ. ಅತ್ತೆಗೆ ಅದು ಹೇಗೆ ತಿಳಿಯಿತೋ, ಎರಡನೇ ದಿನದಿಂದಲೇ ಪಾಠದ ಹೊತ್ತಿಗೆ ಸರಿಯಾಗಿ ಪೂಜೆಗೆ ಹೂವು ಬೇಕು ಎಂದು ಬುಟ್ಟಿ ಹಿಡಿದು ಹೊರಡತೊಡಗಿದರು. ಸುರಿಯುವ ಮಳೆಯಲ್ಲೂ ಹೊರಟುಬಿಡುತ್ತಿದ್ದರು. ಹಿಂತಿರುಗುವಾಗ ಅಂಗಳದಲ್ಲೇ ಎರಡು ಸಲ ಕೆಮ್ಮಿ ಒಳಗೆ ಬರುತ್ತಿದ್ದರು. ನಮ್ಮತ್ತೆಗೆ ಓದು ಬರುತ್ತಿರಲಿಲ್ಲ, ಉಳಿದದ್ದೆಲ್ಲ ಬರುತ್ತಿತ್ತು.

ಗಣಪತಿ ಹಬ್ಬದ ಹೊತ್ತಿಗೆ ಇವರ ಕೈ ಪಳಗಿತು. ಹಂಚಿನ ಲೆಕ್ಕ, ಒಡೆದದ್ದೆಷ್ಟು, ಲಾರಿಗೆ ಹೇರಿದ್ದೆಷ್ಟು, ಎಲ್ಲ ಕೂಡಿಸಿ ಕಳೆದು ತೋರಿಸುವಷ್ಟಾಯಿತು. ಆಗಲೇ ಮಷೀನು ಕೈ ಕೊಡತೊಡಗಿದ್ದು. ಮೊದಲು ಅಪರೂಪಕ್ಕೊಮ್ಮೆ, ಆಮೇಲೆ ಎರಡು ದಿನಕ್ಕೊಮ್ಮೆ, ಕೊನೆಗೆ ಸ್ವಿಚ್ಚು ಹಾಕಿದರೆ ಪರದೆ ಕಪ್ಪಗೆ ಹಾಗೇ ನಿಂತುಬಿಡುವುದು. ಬಿಚ್ಚಿ ನೋಡಿದರೆ ಬೋರ್ಡಿನ ಮೂಲೆಯಲ್ಲಿದ್ದ ಒಂದು ಪುಟ್ಟ ಬ್ಯಾಟರಿ ಸೋರಿ, ಸುತ್ತ ಹಸಿರು ಕಿಲುಬು ಹಬ್ಬಿತ್ತು. ಪೂಜೆಯ ಹಿತ್ತಾಳೆ ಸಾಮಾನಿಗೆ ಹಿಡಿಯುತ್ತದಲ್ಲ, ಅಂಥದ್ದೇ. ಚಾಚಾನ ಅಂಗಡಿಗೆ ಓಡಿದೆವು. ಅಂಥ ಬೋರ್ಡು ಒಂದೂ ಇರಲಿಲ್ಲ. "ಖಂಡೇನವಮಿ ಮುಗೀಲಿ ಬೇಟಾ, ಹುಬ್ಬಳ್ಳಿಯಿಂದ ಗಾಡಿ ಬರತೈತಿ. ಹಳೇದನ್ನೂ ತಗೊಂಬರ್ರಿ, ನೋಡೂಣು" ಅಂದರು. ನಾವು ಬೋರ್ಡನ್ನೂ, ಕೀಲಿ ಅಂಟತೊಡಗಿದ್ದ ಕೀಲಿಮಣೆಯನ್ನೂ ಬಿಚ್ಚಿ, ಒಂದು ತಾಟಿನಲ್ಲಿಟ್ಟು, ಹಬ್ಬದ ಮರುದಿನ ಒಯ್ಯೋಣವೆಂದು ಪಡಸಾಲೆಯಲ್ಲಿ ಇಟ್ಟೆವು.

ಖಂಡೇನವಮಿಯ ದಿನ ಕಾರ್ಖಾನೆಯಲ್ಲಿ ಅಚ್ಚಿನ ಮಷೀನಿಗೆ, ಮೋಟಾರಿಗೆ, ಭಟ್ಟಿಗೆ ಪೂಜೆ. ಅಲ್ಲೇ ಊಟ. ನಮ್ಮಿಬ್ಬರಿಗೂ ಕರೆ ಇತ್ತು. ಮನೆಯ ಪೂಜೆ ನಾನು ನೋಡಿಕೊಳ್ಳುತ್ತೇನೆ ಎಂದು ಅತ್ತೆ ಉಳಿದರು. ಮಧ್ಯಾಹ್ನ ನಾವು ಮರಳಿ ಬಂದಾಗ ಅಂಗಳದ ಕಟ್ಟೆಯ ಮೇಲೆ ಮನೆಯ ಹತಾರಗಳೆಲ್ಲ ಸಾಲಾಗಿ ಕೂತಿದ್ದವು. ಕುಡಗೋಲು, ಕೊಡಲಿ, ಈಳಿಗೆ, ಸಲಿಕೆ, ನನ್ನ ಹೊಲಿಗೆಯ ಕತ್ತರಿ. ಎಲ್ಲ ತೊಳೆದು, ವಿಭೂತಿ ಎಳೆದು, ಚೆಂಡು ಹೂವು ಏರಿಸಿ. ಸಾಲಿನ ತುದಿಗೆ, ಎಲ್ಲಕ್ಕಿಂತ ಮುಂದೆ, ಒಂದು ಮಣೆಯ ಮೇಲೆ ನಮ್ಮ ಬೋರ್ಡು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಜೂಕ್ಕೆ ಕೀಲಿಮಣೆ ಬೋರಲು ಮಲಗಿತ್ತು.

ಅತ್ತೆ ಹಣೆಯ ಬೆವರು ಒರೆಸಿಕೊಂಡು ನಕ್ಕರು. "ಬಂದ್ರ್ಯಾ? ನಿನ್ನ ಮಷೀನಿಗಿ ಎಷ್ಟ ಕಿಲುಬ ಹಿಡದಿತ್ತೋ ಈರಾ! ನೀವರ ನೋಡೇ ಇಲ್ಲ. ಹುಣಸಿಹಣ್ಣ ಹಚ್ಚಿ ತಿಕ್ಕಿ, ಮೂರ ಕೊಡ ನೀರ ಹಾಕಿ ತೊಳದೇನಿ. ಕಿಲುಬ ಹಿಡದ ಹತಾರ ಪೂಜಾಕ ಇಡಬಾರದು. ನಿನ್ನ ಅನ್ನದ ಹತಾರ ಅದು."

ನನ್ನ ಬಾಯಿಗೆ ಬಂದ ಮಾತು ಏನಿತ್ತೋ, ದೇವರೇ ಬಲ್ಲ. ಅಷ್ಟರಲ್ಲಿ ಇವರು, "ಛೊಲೋ ಆತ ಬಿಡ ಯವ್ವಾ. ಇನ್ನ ಆರಸಬೇಕಷ್ಟ" ಅಂದರು. ದನಿಯಲ್ಲಿ ಒಂದು ಎಳೆ ಏರುಪೇರಿರಲಿಲ್ಲ. ತಾವೂ ಬಗ್ಗಿ ಬೋರ್ಡಿಗೆ ನಮಸ್ಕಾರ ಮಾಡಿದರು. ಊದುಬತ್ತಿ ಉರಿದು ಮುಗಿಯುವ ತನಕ ಕಾದು, ಎರಡನ್ನೂ ತಾಟಿಗೆ ಹಾಕಿಕೊಂಡು ಹೊರಟರು. ಆಕಾಶ ಮತ್ತೆ ಮೋಡ ಕಟ್ಟಿತ್ತು, ಬಿಸಿಲಿನ ಭರವಸೆ ಇರಲಿಲ್ಲ. ನಾನೂ ಹಿಂದೆಯೇ ಹೋದೆ.

ಹೋದದ್ದು ಕಾರ್ಖಾನೆಯ ಹಸಿಹಂಚು ಒಣಗಿಸುವ ಶೆಡ್ಡಿಗೆ. ಹಬ್ಬದ ಊಟ ಮುಗಿಸಿ ಆಳುಗಳೆಲ್ಲ ಹೋಗಿದ್ದರು. ಶೆಡ್ಡಿನ ತುಂಬ ಬಿದಿರಿನ ಅಟ್ಟಗಳು, ಅಟ್ಟದ ತುಂಬ ಇನ್ನೂ ಸುಡದ ಬೂದುಬಣ್ಣದ ಹಂಚುಗಳು. ಭಟ್ಟಿಯ ಬಿಸಿ ಗೋಡೆಯ ಆಚೆಯಿಂದ ಮೆಲ್ಲಗೆ ಬರುತ್ತಿತ್ತು. ಇವರು ಅಟ್ಟಗಳ ಮೇಲೆ ಕೈ ಆಡಿಸುತ್ತಾ ಹೋಗಿ, ನಡುವಿನ ಒಂದು ಅಟ್ಟದಲ್ಲಿ ಜಾಗ ಮಾಡಿದರು. "ಭಟ್ಟಿ ಬಾಜೂಕ ಇಟ್ರ ಲಗೂ ಆರತೈತಲ್ರಿ?" ಅಂದೆ. "ಅವಸರ ಮಾಡಿದ್ರ ಹಂಚ ಸೀಳತೈತಿ. ಇದೂ ಅಷ್ಟ ಇರಬೇಕು" ಅಂದರು. ಬೋರ್ಡನ್ನು ಎರಡು ಹಸಿಹಂಚುಗಳ ನಡುವೆ, ಗಾಳಿಯಾಡುವ ಹಾಗೆ ಓರೆಯಾಗಿ ನಿಲ್ಲಿಸಿ, ಕೀಲಿಮಣೆಯನ್ನು ಬಾಜೂಕ್ಕೆ ಒರಗಿಸಿದರು. ಆಮೇಲೆ ನನ್ನ ಕಡೆ ಬೆನ್ನು ಮಾಡಿ ನಿಂತುಬಿಟ್ಟರು.

"ಪಾಡ್ಯಕ್ಕ ನಾ ಏನ್ ಮಾಡ್ಲಿ ಶೈಲಾ?"

ಅಷ್ಟು ದಿನ ನಗಿಸುತ್ತಾ, ತಮಾಷೆ ಮಾಡುತ್ತಾ ಇದ್ದ ಮನುಷ್ಯನ ಹೊಟ್ಟೆಯೊಳಗೆ ಇಷ್ಟು ಹೆದರಿಕೆ ಇತ್ತು ಅಂತ ಆ ಒಂದು ಮಾತಿನಲ್ಲಿ ಗೊತ್ತಾಯಿತು. ನಾನು ಭುಜದ ಮೇಲೆ ಕೈ ಇಟ್ಟೆ. ಹಗಲು ಹೊತ್ತಿನಲ್ಲಿ, ಹೊರಗೆ, ಗಂಡನ ಮೈ ಮುಟ್ಟಿದ್ದು ಅದೇ ಮೊದಲು. ಮುಖ ಒರೆಸಿಕೊಂಡು ಹೇಳಿದರು: "ಅವ್ವಗ ಇದು ಕೆಟ್ಟೈತಿ ಅಂತ ಗೊತ್ತಾಗಬಾರದು. ಅಕಿಗಿ ತಡಕೊಳ್ಳಾಕ ಆಗಂಗಿಲ್ಲ."

ಬೋರ್ಡು ಆರುತ್ತಿದ್ದ ದಿನಗಳಲ್ಲೂ ಪಾಠ ನಿಲ್ಲಿಸಲಿಲ್ಲ. ಇವರು ಒಂದು ದೊಡ್ಡ ಹಸಿಹಂಚಿನ ಮೇಲೆ ಕಡ್ಡಿಯಿಂದ ಕೀಲಿಮಣೆ ಬರೆದುಕೊಂಡು ಬಂದರು, ಅಕ್ಷರ, ಅಂಕಿ, ಎಲ್ಲ ಅದರದರ ಜಾಗದಲ್ಲಿ. ನಾನು ಹೇಳುವುದು, ಇವರು ಕಣ್ಣು ಮುಚ್ಚಿ ಮಣ್ಣಿನ ಮೇಲೆ ಬೆರಳು ಇಡುವುದು. ಕಾರ್ಖಾನೆಯಲ್ಲಿ ಆಳುಗಳು "ಕಾರಕೂನ್ರು ಅಟ್ಟದ ಮ್ಯಾಲ ಹಪ್ಪಳ ಆರಸಾಕ ಹಾಕ್ಯಾರ" ಎಂದು ಕುಚೋದ್ಯ ಮಾಡಿದರು. ಇವರು ದಿನಕ್ಕೆರಡು ಸಲ ಹೋಗಿ ಅದನ್ನು ಮಗ್ಗಲು ಬದಲಿಸಿ ಬರುತ್ತಿದ್ದರು. ಅತ್ತ ಹುಬ್ಬಳ್ಳಿಯ ಗಾಡಿಯೂ ಬಂತು, ಅದರಲ್ಲಿ ನಮಗೆ ಹೊಂದುವ ಬೋರ್ಡು ಇರಲಿಲ್ಲ.

ಕೊನೆಗೆ ಎರಡನ್ನೂ ಮನೆಗೆ ತಂದರು. ಬೋರ್ಡು ಬೆಚ್ಚಗಿತ್ತು, ಮೈಯೆಲ್ಲ ಮಣ್ಣಿನ ವಾಸನೆ. ಸೋರಿದ್ದ ಬ್ಯಾಟರಿಯನ್ನು ಇಕ್ಕಳದಿಂದ ಕಿತ್ತು ಎಸೆದರು. ಕಿಲುಬಿದ್ದ ಮೂಲೆ ಹೊಸ ತಾಮ್ರದ ಹಾಗೆ ಹೊಳೆಯುತ್ತಿತ್ತು. ಅತ್ತೆ ಎಳೆದ ವಿಭೂತಿ ಮಾತ್ರ ಒಂದು ಸಂದಿಯಲ್ಲಿ ಹಾಗೇ ಉಳಿದಿತ್ತು, ಇವರು ಅದನ್ನು ಒರೆಸಲಿಲ್ಲ. ಜೋಡಿಸಿ ಸ್ವಿಚ್ಚು ಹಾಕಿದರು. ನಾನು ನೋಡಲಾರದೆ ಗೋಡೆಯ ಕಡೆ ತಿರುಗಿದೆ. ಆ ಸಣ್ಣ ಕೂಗು ಕೇಳಿಸಿತು. ತಿರುಗಿ ನೋಡಿದರೆ ಅಂಕಿಗಳು ಏರುತ್ತಿದ್ದವು.

ಮತ್ತೆ ಅದು ಒಮ್ಮೆಯೂ ನಿಲ್ಲಲಿಲ್ಲ. ಚಾಚಾನಿಗೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಯೋಚಿಸಿ ನೋಡಿದರೆ ಕೆಟ್ಟದ್ದೇ ಆ ಕಿಲುಬಿನಿಂದ, ಅದನ್ನು ತಿಕ್ಕಿ ತೆಗೆಯುವ ಧೈರ್ಯ ನಮಗಿರಲಿಲ್ಲ, ಹುಳಿ ಅದನ್ನು ತೆಗೆದಿತ್ತು. ಆ ದಿನ ಇವರು ಕುಣಿಯುತ್ತಾ ಒಲೆಯ ಮುಂದೆ ಕೂತಿದ್ದ ಅತ್ತೆಯ ಹತ್ತಿರ ಹೋಗಿ, "ಯವ್ವಾ, ನಿನ್ನ ಹುಣಸಿಹಣ್ಣಿಂದ ಮಷೀನ್ ನೆಟ್ಟಗಾತು" ಅಂದರು. ಅತ್ತೆ ತಲೆ ಎತ್ತದೆ "ಹೂಂ" ಅಂದು ಒಲೆ ಊದಿದರು. ಹೊಗೆಗೆ ಅವರ ಕಣ್ಣು ಕೆಂಪಾಗಿದ್ದವು. ನನಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ.

ಪಾಡ್ಯದ ದಿನ ಇವರು ಹೊಸ ಅಂಗಿ ಹಾಕಿಕೊಂಡು ಹೋದರು. ಅತ್ತೆ ಅಂದು ಬೆಳಗಿನಿಂದ ದೇವರ ಮುಂದಿನಿಂದ ಏಳಲಿಲ್ಲ. ನಾನು ಒಂದೇ ಅಕ್ಕಿಯನ್ನು ಎರಡು ಸಲ ಆರಿಸಿದೆ. ಮಧ್ಯಾಹ್ನ ಸೈಕಲ್ ಬೆಲ್ಲು ಬಾರಿಸುತ್ತಾ ಬಂದದ್ದು ಓಣಿಯ ತುದಿಯಿಂದಲೇ ಕೇಳಿತು. ಬಾರಿಸುವ ರೀತಿಯಲ್ಲೇ ಗೊತ್ತಾಯಿತು. ಸಾವಕಾರರ ಮಗ ಎದುರಿಗೆ ನಿಂತು ಒಂದು ಲಾರಿಯ ಬಿಲ್ಲು ಮಾಡು ಅಂದನಂತೆ. ಇವರು ಮಾಡಿದರು. ಒಡೆದ ಹಂಚು ಕಳೆದು ಮಾಡು ಅಂದನಂತೆ. ಅದನ್ನೂ ಮಾಡಿದರು. "ಕುರ್ಚಿ ನಿಂದಪಾ ಈರಣ್ಣ" ಎಂದು ಸಾವಕಾರರು ತಾವೇ ಕೈ ಹಿಡಿದು ಕೂರಿಸಿ, ಒಂದು ಡಬ್ಬಿ ಕುಂದಾ ಕೊಟ್ಟು ಕಳಿಸಿದ್ದರು.

ಇವರು ಕುಂದಾದ ಡಬ್ಬಿಯನ್ನು ಅವ್ವನ ಕೈಗೆ ಕೊಟ್ಟು ಕಾಲಿಗೆ ಬಿದ್ದರು. "ಉಳೀತು ಯವ್ವಾ. ನೀ ತೊಳದದ್ದಕ್ಕ ಉಳೀತು."

ಅತ್ತೆ ಡಬ್ಬಿ ತೆರೆಯಲಿಲ್ಲ. ಕಂಬಕ್ಕೆ ಒರಗಿ ಕೆಳಗೆ ಕೂತರು.

"ಸುಳ್ಳ ಹೇಳಬ್ಯಾಡೋ ಈರಾ" ಅಂದರು.

"ಖರೇನ ಯವ್ವಾ, ನಿನ್ನಾಣಿ..."

"ಅವತ್ತ ನಿನ್ನ ಮಾರಿ ನೋಡೇನಿ ನಾ. ಹೆತ್ತಾಕಿಗಿ ಗೊತ್ತಾಗಂಗಿಲ್ಲೇನು? ತಾಟ ಹಿಡಕೊಂಡ ಹೊಂಟಾಗ ಚಪ್ಪಲಿ ಮೆಟ್ಟೂದ ಮರತಿದ್ದಿ. ಬಾಜೂ ಮನಿಯವರನ್ನ ಕೇಳಿದ್ನಿ. ನೀರ ಬಿದ್ರ ಮುಗದ ಹೋತು ಅಂದ್ರು. ಮಗನ ಅನ್ನಕ್ಕ ನನ್ನ ಕೈಯಾರೆ ನೀರ ಹೊಯ್ದೆನಲ್ಲೋ ಅಂತ ದಿನಾ ಒಲಿ ಮುಂದ ಕುಂತ ಅತ್ತೇನಿ. ಹೊಗಿ ಅಂತ ತಿಳಕೊಂಡ್ರಿ ನೀವು." ಸೆರಗಿನಿಂದ ಮೂಗು ಒರೆಸಿಕೊಂಡರು. "ಇಬ್ಬರೊಳಗ ಒಬ್ಬರರ ಒಂದ ಮಾತ ಬೈದಿದ್ರ ಅತ್ತ ಹಗರಾಗತಿದ್ದೆ. ಬೈಲೇ ಇಲ್ಲ. ಬೀಗರ ಮುಂದ ಇದ್ದಂಗ ಸುಮ್ಮನಿದ್ರಿ. ಬೈಯಾಕೂ ನಾ ನಿಮ್ಮಾಕಿ ಅಲ್ಲೇನು?"

ಅತ್ತೆ ನನ್ನ ಕಡೆ ತಿರುಗಿದರು.

"ಇಂವ ಬೈಯಂಗಿಲ್ಲ. ಸಣ್ಣಂವ ಇದ್ದಾಗಿಂದ ಹಿಂಗ. ಶೈಲವ್ವ, ನೀನರ ಬೈ. ಈಗರ ಬೈದ ಬಿಡು."

ಮೂರು ವರ್ಷದಲ್ಲಿ ಅವರೆದುರು ನಾನು ದನಿ ಏರಿಸಿದವಳಲ್ಲ. ಅತ್ತೆ ಅಂದರೆ ಸೆರಗು ಹೊದ್ದು, ತಗ್ಗಿದ ದನಿಯಲ್ಲಿ ರೀ ಹಚ್ಚಿ ಮಾತಾಡುವುದು ಅಂತಲೇ ನನ್ನ ತವರಿನಲ್ಲಿ ಹೇಳಿ ಕಳಿಸಿದ್ದರು. ಆದರೆ ಅವರು ಕಾಯುತ್ತಿದ್ದರು. ಬಾಯಿ ತೆರೆದೆ, ಎಲ್ಲಿತ್ತೋ ಏನೋ, ಬಂದೇ ಬಂತು.

"ಏನಂತ ತಿಳದಿದ್ರಿ ಅತ್ತಿ ಅದನ್ನ? ದೀಪಾ ಹಚ್ಚೂ ಹಿತ್ತಾಳಿ ಸಮೇ ಅಂತ ತಿಳದಿದ್ರೇನು? ಕೇಳಿ ತೊಳೀಬೇಕೋ ಬ್ಯಾಡೋ? ನನ್ನ ಗಂಡನ ಕುರ್ಚಿ ಹೋಗೂ ಹೊತ್ತಾಗಿತ್ತಲ್ರೀ! ನನ್ನ ಜೀವ ಬಾಯಿಗಿ ಬಂದಿತ್ತು! ಇನ್ನೊಮ್ಮೆ ಅದಕ್ಕ ನೀರ ಮುಟ್ಟಿಸಿದ್ರ ನೋಡ್ರಿ ಮತ್ತ, ನಿಮ್ಮ ಹುಣಸಿಹಣ್ಣಿನ ಗಡಗಿ ಒಯ್ದ ಹೊಳಿಗಿ ಚೆಲ್ಲತೇನಿ!"

ನನ್ನ ದನಿ ನನಗೇ ಜೋರೆನಿಸಿತು. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ಅತ್ತೆ ನನ್ನ ಮೊಣಕಾಲಿಗೆ ಹಣೆ ಹಚ್ಚಿ ಮಕ್ಕಳ ಹಾಗೆ ಅಳುತ್ತಿದ್ದರು, ಅಳುತ್ತಲೇ ನಗುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಡಬ್ಬಿ ತೆರೆದು, ಒಂದು ತುಂಡು ಕುಂದಾ ಮುರಿದು ನನ್ನ ಬಾಯಿಗೆ ಹಿಡಿದರು.

"ಇದನ್ನ ತಿಂದು ಇನ್ನಷ್ಟ ಬೈ" ಅಂದರು.

ನಾನು ತಿಂದೆ. ಇನ್ನಷ್ಟು ಬೈದೆ.